ಜಾರು ಹೋಗುವ ತನಕ

ಖಾನಾಪುರದಲ್ಲಿ ಕಾಶವ್ವನ ಕೈಯಿಂದ ಏಟು ತಿಂದ ಗಂಡಸರು ಎಷ್ಟು ಮಂದಿಯೋ, ನಾನು ಲೆಕ್ಕ ಇಟ್ಟಿಲ್ಲ. ಒಮ್ಮೆ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಬೇಕಂತಲೇ ಮೈಗೆ ಮೈ ತಾಗಿಸಿ ನಿಂತ ಒಬ್ಬ ಧಡಿಯನನ್ನು, ಚೀಲದಲ್ಲಿದ್ದ ಸಾಬೂನಿನಿಂದಲೇ ಬಡಿದು ಮುಂದಿನ ಹಲ್ಲು ಅಲ್ಲಾಡಿಸಿ ಬಂದಳು. ಬಂದವಳೇ ಆ ಸಾಬೂನನ್ನು ತೊಳೆದು, ನಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ನನ್ನ ಹಸಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದಕ್ಕೆ ಹಚ್ಚಿ ಎರೆದಳು. ನೊರೆ ಕಣ್ಣಿಗೇ ಇಳಿಯಿತು. ಕೂಸು ಒಂದಿಷ್ಟು ಮುಖ ಕಿವುಚಿ ಮತ್ತೆ ಪಿಳಿಪಿಳಿ ಕಣ್ಣು ಬಿಟ್ಟಿತೇ ಹೊರತು ಅಳಲಿಲ್ಲ.

"ನೋಡ್ದೇನ ತಂಗಿ? ನನ್ನ ಸಾಬಾಣ ಕೂಸಿಗೆ ಚುರ್ ಅನ್ನಂಗಿಲ್ಲ. ಚುರ್ ಅನ್ನೂದೇನಿದ್ರೂ ಈ ಕೈ" ಎಂದು ಅಂಗೈ ತೋರಿಸಿದಳು.

ಅದು ಅವಳ ಜಂಬ. ಆ ಜಂಬವೇ ಅವಳ ಆಸ್ತಿ. ತನ್ನ ಕೈಯಲ್ಲಿ ಆದ ಸಾಬೂನಿನಿಂದ ಯಾರ ಮೈಗೂ ಸುಟ್ಟ ಕಲೆ ಬೀಳಬಾರದು. ಇದೊಂದನ್ನು ಬಿಟ್ಟರೆ ಈ ಲೋಕದಲ್ಲಿ ಅವಳು ಕಾಪಾಡಿಕೊಳ್ಳುವಂಥದ್ದು ಬೇರೇನೂ ಉಳಿದಿರಲಿಲ್ಲ. ಮಿಕ್ಕಿದ್ದನ್ನೆಲ್ಲ ಗಂಡ ಬಡಿದು ಮುಗಿಸಿದ್ದ.

ನಾನು ಗಂಗಾದೇವಿ, ಎಪ್ಪತ್ತಾರರಲ್ಲಿ ಖಾನಾಪುರಕ್ಕೆ ಸೊಸೆಯಾಗಿ ಬಂದವಳು. ನಮ್ಮ ಹಿತ್ತಲಿಗೂ ಸನಾಉಲ್ಲಾ ಸಾಹೇಬರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಸಾಹೇಬರಿಗೆ ಲೋಂಡಾ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುವ ತಣ್ಣನೆಯ ಮನುಷ್ಯ. ಮನೆಯಲ್ಲಿ ಇರುತ್ತಿದ್ದವಳು ಅವರ ಹೆಂಡತಿ ಬಿಲ್ಕೀಸ. ದನ ಮಾರಿ ಖಾಲಿ ಬಿದ್ದಿದ್ದ ಅವರ ಕೊಟ್ಟಿಗೆಯಲ್ಲಿ ಬಿಲ್ಕೀಸ, ಕಾಶವ್ವ ಇಬ್ಬರೂ ಸೇರಿ ಸಾಬೂನು ಮಾಡುತ್ತಿದ್ದರು. ಗೋಡೆಯ ಈಚೆ ನಿಂತು ನಾನು ಕಂಡದ್ದನ್ನು ಹೇಳುತ್ತೇನೆ. ಕಾಣದ್ದನ್ನು ಕಾಶವ್ವನೇ ನಮ್ಮ ಬಚ್ಚಲ ಕಲ್ಲಿನ ಮೇಲೆ ಕುಳಿತು ಹೇಳಿದ್ದಾಳೆ.

ಅವಳು ಪಾರಿಶ್ವಾಡದವಳು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಬಂಡೆಪ್ಪನಿಗೆ ಕೊಟ್ಟಿದ್ದರು. ಬಂಡೆಪ್ಪ ಪೈಲವಾನನೂ ಹೌದು. ತೋಳಿಗೆ ಬೆಳ್ಳಿ ಕಡಗ, ಗರಡಿ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದ್ದೆಯಾದ ಕಿವಿ. ಕುಸ್ತಿಯಲ್ಲಿ ಗೆದ್ದ ದಿನ ಪೇಟೆಗೆಲ್ಲ ಪೇಢೆ ಹಂಚುತ್ತಿದ್ದ. ಸೋತ ದಿನ ಮನೆಗೆ ಬಂದು ಗೆಲ್ಲುತ್ತಿದ್ದ. ವಯಸ್ಸು ಏರುತ್ತ ಹೋದಂತೆ ಹೊರಗೆ ಸೋಲು ಹೆಚ್ಚಿತು, ಮನೆಯಲ್ಲಿ ಗೆಲುವೂ ಹೆಚ್ಚಿತು. ಒಮ್ಮೆ ಅಂಗೈ ಅಗಲಿಸಿ ಕೊಟ್ಟ ಏಟಿಗೆ ಅವಳ ಬಲಗಿವಿಯಿಂದ ರಕ್ತ ಸುರಿದು, ಆ ಕಿವಿ ಮತ್ತೆ ಕೇಳಲಿಲ್ಲ. ಇನ್ನೊಮ್ಮೆ ಕಾಲೆತ್ತಿ ಒದ್ದ. ಆಗ ಅವಳು ಬಸುರಿ. ಹೊಟ್ಟೆಯಲ್ಲಿದ್ದದ್ದು ಹೋಯಿತು. ಅತ್ತೆ ಆ ಬಟ್ಟೆಗಳನ್ನು ಒಗೆಯುತ್ತ, ಗಂಡಸು ಅಂದ ಮೇಲೆ ಸಿಟ್ಟು ಇದ್ದದ್ದೇ ಎಂದಳಂತೆ. ಇದನ್ನು ಕೇಳಿದಾಗ ನನಗೆ ಬಂಡೆಪ್ಪನಿಗಿಂತ ಆ ಮುದುಕಿಯ ಮೇಲೆಯೇ ಮೈ ಉರಿಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತ ಕುಳಿತಾಗ ಅವನು ಹಿಂದಿನಿಂದ ಬಂದು ಜಡೆಗೆ ಕೈ ಹಾಕಿದ. ಯಾಕೆ ಎಂಬುದು ಅವಳಿಗೆ ನೆನಪಿಲ್ಲ, ಅವನಿಗೂ ಇರಲಿಕ್ಕಿಲ್ಲ. ಅವಳು ಒಲೆಯ ಮೇಲಿದ್ದ ಕೆಂಪಗೆ ಕಾದ ಹಂಚನ್ನು ಸೆರಗಿನಲ್ಲಿ ಹಿಡಿದೆತ್ತಿ ಅವನ ಹೆಗಲಿಗೆ ಅಪ್ಪಳಿಸಿದಳು. ಸೆರಗು ಸುಟ್ಟಿತು, ಅಂಗೈ ಸುಟ್ಟಿತು, ಪೈಲವಾನ ಹೊಸ್ತಿಲ ಮೇಲೆ ಉರುಳಿದ. ಅವಳು ಅವನನ್ನು ದಾಟಿಕೊಂಡು ಸ್ಟೇಷನ್ನಿಗೆ ಓಡಿದಳು. ಗಾಡಿ ಬಿಡುವಷ್ಟರಲ್ಲಿ ಅವನೂ ಹೆಗಲು ಹಿಡಿದುಕೊಂಡು ಬಂದ. ಅವಳು ಬಾಗಿಲಲ್ಲಿ ನಿಂತು ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿದಳು:

"ನಿನ್ನ ಎರಡೂ ಕಣ್ಣ ಹೋಗ್ಲೋ ಭಾಡ್ಯಾ! ಗ್ವಾಡಿ ಹಿಡಕೊಂಡು ಅಡ್ಡಾಡುವಂಗ ಆಗ್ಲಿ ನೀ!"

ತವರಿಗೆ ಹೋದರೆ ಎರಡು ದಿನ ಹೋಳಿಗೆ ಹಾಕಿ ಮೂರನೆಯ ದಿನ ತಿರುಗಿ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಅದೇ ರೈಲು ಡಬ್ಬಿಯಲ್ಲಿ ಬಿಲ್ಕೀಸ ಕುಳಿತಿದ್ದಳು. ಸುಟ್ಟ ಅಂಗೈ ನೋಡಿ, ಏನೂ ಕೇಳದೆ, ತನ್ನ ಕೂಜೆಯ ನೀರನ್ನೆಲ್ಲ ಅದರ ಮೇಲೆ ಸುರಿದಳು. ಖಾನಾಪುರ ಬಂದಾಗ ಇಬ್ಬರೂ ಒಟ್ಟಿಗೆ ಇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಸಾಬರ ಹಿತ್ತಲಲ್ಲಿ ಇರುವುದೇ ಎಂದು ಊರು ಒಂದಷ್ಟು ದಿನ ಗೊಣಗಿತು. ಕಾಶವ್ವ ಹಿತ್ತಲಿನ ಮೂಲೆಯಲ್ಲಿ ತನ್ನದೇ ಒಲೆ ಹೂಡಿ, ತನ್ನ ಪೂಜೆ, ತನ್ನ ರೊಟ್ಟಿ ಎಂದು ಇದ್ದುಬಿಟ್ಟಳು. ಗೊಣಗಿದವರ ಮನೆಯಲ್ಲೇ ಬಾಣಂತನಗಳು ಬಂದವು, ಎರೆಯಲು ಅವಳೇ ಬೇಕಾಯಿತು.

ಸಾಬೂನಿನ ವಿದ್ಯೆ ಬಿಲ್ಕೀಸಳದು. ಅವಳ ತಾಯಿ ಲೋಂಡಾದಲ್ಲಿ ಒಂದು ಗೋವೆಯವರ ಮನೆಗೆಲಸಕ್ಕಿದ್ದಾಗ ಕಲಿತದ್ದು. ಮಾಡುವ ಬಗೆ ಕೇಳಿದರೆ ಅಡಿಗೆ ಮಾಡಿದಂತೆಯೇ ಅನಿಸುತ್ತದೆ. ಕೊಬ್ಬರಿ ಎಣ್ಣೆಗೆ ತುಸು ಕುಸುಬಿ ಎಣ್ಣೆ ಸೇರಿಸಿ ಉಗುರುಬೆಚ್ಚಗೆ ಮಾಡುವುದು, ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಅದಕ್ಕೆ ಸಣ್ಣಗೆ ಸುರಿಯುತ್ತ ಕಟ್ಟಿಗೆಯ ಹುಟ್ಟಿನಿಂದ ತಿರುವುವುದು. ಝುಣಕದಂಥ ಗಟ್ಟಿ ಹದಕ್ಕೆ ಬಂದಾಗ ಕಡಲೆ ಹಿಟ್ಟು, ಅರಿಸಿನ, ಒಂದಿಷ್ಟು ಹಾಲಿನ ಕೆನೆ. ಆಮೇಲೆ ತೆಂಗಿನ ಚಿಪ್ಪುಗಳಲ್ಲಿ ಹೊಯ್ದು ಗೋಣಿ ಹೊದಿಸಿಡುವುದು. ಇಷ್ಟರಲ್ಲಿ ರಾಕ್ಷಸ ಅಂದರೆ ಸೋಡಾ ಒಂದೇ. ಚರ್ಮಕ್ಕೆ ಬಿದ್ದರೆ ಚರ್ಮ, ಕಣ್ಣಿಗೆ ಬಿದ್ದರೆ ಕಣ್ಣು. ಎಣ್ಣೆಯೊಂದಿಗೆ ಕೂಡಿ, ಅಟ್ಟದ ಮೇಲೆ ಒಂದೂವರೆ ತಿಂಗಳು ಒಣಗಿದ ಮೇಲೆಯೇ ಅದರ ಸೊಕ್ಕು ಅಡಗುತ್ತದೆ. ಅಡಗಿದೆಯೋ ಇಲ್ಲವೋ ಎಂದು ನೋಡಲು ಕಾಶವ್ವ ಒಂದೊಂದು ಸಾಬೂನನ್ನೂ ನಾಲಿಗೆಯ ತುದಿಗೆ ತಾಗಿಸುತ್ತಿದ್ದಳು. ಚುರ್ ಅಂದದ್ದು ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು.

ಮೊದಲ ವರ್ಷವೇ ಒಂದು ಅನಾಹುತ ಆಯಿತು. ಆಗ ಸಂತೆಯಲ್ಲಿ ಜರ್ಮನ್ ಪಾತ್ರೆಗಳು, ಅಂದರೆ ಅಲ್ಯೂಮಿನಿಯಮ್ಮಿನವು, ರಾಶಿ ಬೀಳುತ್ತಿದ್ದ ಕಾಲ. ಹಗುರ, ಬೆಳ್ಳಿಯಂತೆ ಹೊಳಪು. ಎಲ್ಲರ ಮನೆಯಲ್ಲೂ ಮಣ್ಣಿನ ಗಡಿಗೆ ಹೊರಬಿದ್ದು ಜರ್ಮನ್ ಒಳಬಂತು. ಕಾಶವ್ವನೂ ಆಸೆಪಟ್ಟು ಒಂದು ದೊಡ್ಡ ಪಾತೇಲಿ ತಂದಳು. ಬಿಲ್ಕೀಸ ಒಳಗೆ ನಮಾಜಿಗೆ ಹೋಗಿದ್ದಾಗ ಅದರಲ್ಲೇ ನೀರು ಹಾಕಿ ಸೋಡಾ ಸುರಿದಳು. ಜರ್ಮನ್ನಿಗೂ ಸೋಡಾಕ್ಕೂ ಹುಟ್ಟು ವೈರ. ಒಲೆಯಿಲ್ಲದೆಯೇ ಪಾತೇಲಿ ಭುಸುಗುಟ್ಟಿ ಕುದಿಯಿತು, ಕಪ್ಪಾಯಿತು, ಉಕ್ಕಿ ಅವಳ ಎಡಗೈ ಮೇಲೆ ಹಾರಿತು. ಅವಳು ಕಿರುಚಿಕೊಂಡು ಬೆಣ್ಣೆ ಹಚ್ಚಲು ಓಡಿದಳು. ಬಿಲ್ಕೀಸ ಹಾರಿ ಬಂದು ಅವಳ ಸೊಂಟಕ್ಕೆ ಕೈ ಹಾಕಿ ಎಳೆದು, ದನಕ್ಕೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿಯಲ್ಲಿ ಆ ಕೈಯನ್ನು ಒತ್ತಿ ಹಿಡಿದಳು. ಉರಿಗೆ ಹುಚ್ಚಾದ ಕಾಶವ್ವ ಒದ್ದಳು, ಪರಚಿದಳು, ಕೊನೆಗೆ ಬಿಲ್ಕೀಸಳ ಹೆಗಲನ್ನು ಕಚ್ಚಿ ರಕ್ತ ಬರಿಸಿದಳು. ಬಿಲ್ಕೀಸ ಬಿಡಲಿಲ್ಲ. ನೀರೊಳಗೆ ಬೆರಳಾಡಿಸಿ ಆ ಚರ್ಮವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಇನ್ನೂ ಜಾರ ಐತಿ ಅಕ್ಕಾ, ತಡಿ. ಜಾರ ಹೋಗೂತನಾ ಬಿಡಬಾರ್ದಂತ ನಮ್ಮ ಅಮ್ಮಿ ಹೇಳ್ಯಾಳ. ಜಾರ ಐತಿ ಅಂದ್ರ ನಿನ್ನ ತೊಗಲಽ ಸಾಬಾಣ ಆಗಾಕತ್ತೈತಿ ಅಂತ ತಿಳಕೋ."

ಕಾಶವ್ವನ ಕೈ ಉಳಿಯಿತು. ಬಿಲ್ಕೀಸಳ ಹೆಗಲ ಮೇಲೆ ಹಲ್ಲಿನ ಗುರುತೂ ಉಳಿಯಿತು. ಅಂದಿನಿಂದ ಸೋಡಾ ಕರಗಿಸಲು ಉಪ್ಪಿನಕಾಯಿಯ ಪಿಂಗಾಣಿ ಭರಣಿಯೇ. ಅಂದಿನಿಂದ ಕಲ್ಲಿನ ದೋಣಿ ತುಂಬದೆ ಭರಣಿಗೆ ಕೈ ಹಚ್ಚುತ್ತಿರಲಿಲ್ಲ. ಮತ್ತು ಅದೇ ಆ ಕೊಟ್ಟಿಗೆಯ ಕಟ್ಟಳೆಯಾಯಿತು: ಯಾರ ಮೈಮೇಲೆ ಸಿಡಿದರೂ ಕೇಳದೆ ನೀರಿಗೆ ಅದ್ದುವುದು, ಎಷ್ಟು ಬೊಬ್ಬೆ ಹೊಡೆದರೂ ಜಾರು ಹೋಗುವ ತನಕ ಬಿಡದಿರುವುದು. ಈ ಹಿಡಿತದಲ್ಲಿ ನಾನೂ ಒಮ್ಮೆ ಸಿಕ್ಕಿದ್ದೇನೆ. ಒಂದೇ ಒಂದು ಹನಿ ಮುಂಗೈಗೆ ಬಿದ್ದದ್ದಕ್ಕೆ ಇಬ್ಬರೂ ಸೇರಿ ನನ್ನನ್ನು ಅರ್ಧ ನೆನೆಸಿ ಕಳಿಸಿದರು.

ಕಾಶವ್ವನ ಸಾಬೂನು ನಿಧಾನವಾಗಿ ಬೆಳಗಾವಿಗೂ ಹೋಯಿತು. ಅವಳೇ ಚೀಲ ಹೊತ್ತು ಬಸ್ಸಿನಲ್ಲಿ ಹೋಗಿ, ಬಾಣಂತಿಯರಿದ್ದ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. ರವಿವಾರ ಪೇಟೆಯ ಕಡೆ ಮಾತ್ರ ಕಾಲಿಡುತ್ತಿರಲಿಲ್ಲ. ಆದರೆ ಹೆಸರಿಗೆ ಕಾಲಿನ ಹಂಗಿಲ್ಲ. ಗರಡಿಯಲ್ಲಿ ಯಾರೋ ಬಂಡೆಪ್ಪನನ್ನು ಕಿಚಾಯಿಸಿದರಂತೆ, ನಿನ್ನ ಹೆಂಡತಿಯ ಸಾಬಾಣದಿಂದ ನಮ್ಮ ಮಕ್ಕಳ ಕುಂಡಿ ತೊಳೀತೇವಿ ಎಂದು. ಎಂಬತ್ತರ ಮಳೆಗಾಲದಲ್ಲಿ ಅವನು ಒಬ್ಬನೇ ಬಂದ. ಬಂದವನೇ ನಡು ರಸ್ತೆಯಲ್ಲಿ ಅವಳ ಜಡೆ ಹಿಡಿದು ಬಸ್ ನಿಲ್ದಾಣದ ತನಕ ಕೆಸರಿನಲ್ಲಿ ದರದರ ಎಳೆದುಕೊಂಡು ಹೋದ. ದಾರಿಯ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಗಂಡ ಹೆಂಡತಿ ಜಗಳವಂತೆ! ಬಸ್ಸಿನ ಮೆಟ್ಟಿಲ ಬಳಿ ಅವಳು ಅವನ ಹೆಬ್ಬೆರಳನ್ನು ಎಲುಬು ತಾಗುವ ತನಕ ಕಚ್ಚಿ ಬಿಡಿಸಿಕೊಂಡಳು. ಕೆಸರು, ರಕ್ತ ಬಳಿದುಕೊಂಡು ತಿರುಗಿ ನಡೆದು ಬಂದವಳ ಮುಖ ನಾನು ಗೋಡೆಯ ಈಚೆಯಿಂದ ನೋಡಿದೆ.

ಮುಂದೆ ಎಂಬತ್ಮೂರು ಬಂತು. ಆ ವರ್ಷ ವನಸ್ಪತಿ ತುಪ್ಪದಲ್ಲಿ ದನದ ಚರಬಿ, ಅಂದರೆ ಕೊಬ್ಬು, ಬೆರೆಸುತ್ತಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು ದೇಶವೇ ವಾಕರಿಸಿಕೊಂಡಿತು. ನಮ್ಮ ಓಣಿಯಲ್ಲಿ ಡಬ್ಬಿಗಳನ್ನು ಚರಂಡಿಗೆ ಸುರಿದರು. ಮಠಕ್ಕೆ ಹೋಗಿ ಪ್ರಾಯಶ್ಚಿತ್ತ ಕೇಳಿದವರೂ ಇದ್ದರು. ತುಪ್ಪದಿಂದ ಶುರುವಾದ ಮಾತು ಮಿಠಾಯಿಗೆ ಬಂತು, ಮಿಠಾಯಿಯಿಂದ ಸಾಬೂನಿಗೆ ಬಂತು. ಬಂಡೆಪ್ಪನಿಗೆ ಇಷ್ಟು ಸಾಕಾಯಿತು. ಸಾಬರ ಕೊಟ್ಟಿಗೆಯಲ್ಲಿ ತನ್ನ ಹೆಂಡತಿಯಿಂದ ಚರಬಿ ಕುದಿಸುತ್ತಾರೆ, ಆಕೆಯನ್ನು ಬಿಡಿಸಿಕೊಂಡು ಬರುತ್ತೇನೆ ಎಂದು ಗರಡಿಯ ಹುಡುಗರನ್ನು ಕಟ್ಟಿಕೊಂಡು ಹೊರಟ.

ಚಳಿ ಹಿಡಿದ ಒಂದು ಬೆಳಿಗ್ಗೆ ಬಂದರು. ಬೆಳಗಾವಿಯಿಂದ ಬಂದವರು ಕೆಲವೇ ಮಂದಿ. ಆದರೆ ಸ್ಟೇಷನ್ನಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಮ್ಮೂರಿನವರೇ ಸೇರಿ ದೊಡ್ಡ ಗುಂಪಾಗಿತ್ತು. ಮುಂದೆ ನಿಂತವನು ಹಿಟ್ಟಿನ ಗಿರಣಿಯ ಈರಯ್ಯ, ಕೈಯಲ್ಲಿ ಬಡಿಗೆ. ಅವನ ಮೂರೂ ಮಕ್ಕಳನ್ನು ಎರೆದವಳು ಕಾಶವ್ವ. ಹಿತ್ತಲ ಬಾಗಿಲು ಒದ್ದು ಮುರಿದರು. ಅಟ್ಟದ ಮೇಲಿನ ಸಾಬೂನುಗಳನ್ನು ನೆಲಕ್ಕೆ ಕೆಡವಿ ತುಳಿದರು. ಅಡ್ಡ ಬಂದ ಬಿಲ್ಕೀಸಳನ್ನು ಒಬ್ಬ ಎದೆಗೆ ಕೈಯಿಟ್ಟು ನೂಕಿದ. ಅವಳು ಕಂಬಕ್ಕೆ ಬಡಿದು ಕುಸಿದಳು.

ಬಂಡೆಪ್ಪ ಮೂಲೆಯಲ್ಲಿದ್ದ ಎಣ್ಣೆಯ ಡಬ್ಬಿಯ ಮುಚ್ಚಳ ಕಿತ್ತು, ಒಳಗೆ ಕೈ ಹಾಕಿ ಬೆಳ್ಳಗಿನ ಒಂದು ಮುದ್ದೆ ಎತ್ತಿ ಹಿಡಿದ.

"ನೋಡ್ರೆಪಾ, ನೋಡ್ರಿ! ಚರಬಿ! ಹಸಿ ಚರಬಿ!"

"ಕೊಬ್ಬರೆಣ್ಣೋ ಅದು, ಚಳಿಗೆ ಹೆಪ್ಪಗಟ್ಟೈತಿ!" ಎಂದು ಕಾಶವ್ವ ಕೂಗಿದಳು.

ಯಾರು ಕೇಳಬೇಕು? ಅಲ್ಲಿ ನಿಂತ ಪ್ರತಿಯೊಬ್ಬನ ಮನೆಯಲ್ಲೂ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಸೀಸೆ ಅದೇ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿ ಕುಳಿತಿತ್ತು. ಅದೇ ಬೆಳಿಗ್ಗೆ ಅವರ ಹೆಂಡಂದಿರು ಅದನ್ನು ಬಿಸಿಲಿಗಿಟ್ಟಿದ್ದರು. ಈ ಕಡೆಯವರು ಅಡಿಗೆಗೆ ಕೊಬ್ಬರಿ ಎಣ್ಣೆ ಬಳಸುವವರಲ್ಲ. ಡಬ್ಬಿಗಟ್ಟಲೆ ಕಂಡು ಗೊತ್ತಿಲ್ಲ, ಗುಂಪಿನಲ್ಲಿ ನಿಂತ ಮೇಲೆ ಮನೆಯ ಸೀಸೆ ಯಾರ ನೆನಪಿಗೂ ಬರುವುದಿಲ್ಲ. ಈರಯ್ಯ ಅಲ್ಲಿದ್ದ ಒಂದು ಭರಣಿಯಲ್ಲಿ ಇಣುಕಿ "ರಗತ! ಇದರಾಗ ರಗತ ಐತಿ!" ಎಂದು ಹಿಂದೆ ಹಾರಿದ. ಅದರಲ್ಲಿದ್ದದ್ದು ಅರಿಸಿನ ಹಾಕಿದ ಹೊಸ ಸಾಬೂನಿನ ಪಾಕ. ಸೋಡಾ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಅರಿಸಿನ ಸುಣ್ಣ ಕಲಸಿದ ಕೆಂಪು ನೀರಿನಲ್ಲಿ ಆರತಿ ಮಾಡಿಸಿಕೊಳ್ಳದೆ ಇವನೇನು ಮದುವೆಯಾಗಿದ್ದನೇ? ನನಗೆ ಇವತ್ತಿಗೂ ನೆನೆದರೆ ಹಲ್ಲು ಕಟಕಟ ಅನ್ನುತ್ತದೆ.

ಕಾಶವ್ವ ಒಡೆದ ಸಾಬೂನಿನ ಒಂದು ಹೋಳು ಎತ್ತಿಕೊಂಡು ಎಲ್ಲರೆದುರು ನೆಕ್ಕಿದಳು. "ಲಿಂಗದ ನೀರ ಕುಡಿಯೂ ಬಾಯಿದು! ಇದಽ ಬಾಯಾಗ ನೆಕ್ಕಿ ನೋಡಿ ನಿಮ್ಮ ಕೂಸುಗೋಳಿಗೆ ಹಚ್ಚೇನಿ! ಚರಬಿ ನೆಕ್ಕಾಕಿ ಅಂತ ತಿಳದೀರೇನ ನನ್ನ?"

ಗುಂಪಿನಲ್ಲಿ ಒಂದಿಬ್ಬರು ತಲೆ ತಗ್ಗಿಸಿದರು. ಅಷ್ಟರಲ್ಲಿ ಬಂಡೆಪ್ಪನ ಕಣ್ಣು ಕಟ್ಟೆಯ ಮೇಲೆ ಮುಚ್ಚಿಟ್ಟಿದ್ದ ಇನ್ನೊಂದು ಭರಣಿಯ ಮೇಲೆ ಬಿತ್ತು. ಬಿಲ್ಕೀಸ ಆಗಷ್ಟೇ ಸೋಡಾ ಕರಗಿಸಿಟ್ಟದ್ದು. ಕಾಶವ್ವನ ಧ್ವನಿಯೇ ಬದಲಾಯಿತು.

"ಅದನ್ನ ಮುಟ್ಟಬ್ಯಾಡ! ಸುಡತೈತಿ ಅದು! ನಿನಗ ಕೈ ಮುಗೀತೇನಿ, ಮುಟ್ಟಬ್ಯಾಡ!"

ಮದುವೆಯಾದಂದಿನಿಂದ ಅವನಿಗೆ ಕೈ ಮುಗಿಯದವಳು ಈಗ ಕೈ ಮುಗಿದಳೆಂದರೆ ಕಳ್ಳಮಾಲು ಇಲ್ಲೇ ಇದೆ ಎಂದು ಅವನಿಗೆ ಖಾತ್ರಿಯಾಯಿತು. ಭರಣಿಯನ್ನು ಎರಡೂ ಕೈಯಲ್ಲಿ ಎದೆಯೆತ್ತರ ಎತ್ತಿ ಕಲ್ಲಿನ ಕಟ್ಟೆಗೆ ಅಪ್ಪಳಿಸಿದ. ಭರಣಿ ಚೂರಾಯಿತು. ಒಳಗಿದ್ದದ್ದೆಲ್ಲ ಸಿಡಿದು ಮೇಲೆದ್ದು ಅವನ ಮುಖಕ್ಕೆ ಬಡಿಯಿತು.

ಅವನು ಹಾಕಿದ ಬೊಬ್ಬೆ ಮನುಷ್ಯರದ್ದಾಗಿರಲಿಲ್ಲ. ಎರಡೂ ಮುಷ್ಟಿಯಿಂದ ಕಣ್ಣು ತಿಕ್ಕಿಕೊಳ್ಳುತ್ತ ಗಿರಗಿರ ತಿರುಗಿದ. "ಆಸಿಡ್! ಗಂಡನ ಮಾರಿಗೆ ಆಸಿಡ್ ಹಾಕಿದ್ಳು!" ಎಂದು ಯಾರೋ ಕೂಗಿದರು. ನಾನು ನೋಡುತ್ತಿದ್ದದ್ದು ಕಾಶವ್ವನನ್ನು. ಒಂದು ಉಸಿರಿನಷ್ಟು ಹೊತ್ತು ಅವಳು ಅಲುಗಾಡದೆ ನಿಂತಳು. ಅಂದು ಸ್ಟೇಷನ್ನಿನಲ್ಲಿ ಕೂಗಿ ಬೇಡಿದ್ದು ಎದುರಿಗೇ ಬಂದು ನಿಂತಿತ್ತು. ಅವಳು ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವಳು ಹಾರಿ ಅವನ ತಲೆಗೂದಲು ಹಿಡಿದಳು. ಅವನು ಅವಳ ಜಡೆ ಹಿಡಿಯುತ್ತಿದ್ದನಲ್ಲ, ಹಾಗೆಯೇ. ಕಾಲಿಗೆ ಕಾಲು ಕೊಟ್ಟು ಪೈಲವಾನನನ್ನು ಮಂಡಿಗೆ ಕೆಡವಿ, ಎಳೆದುಕೊಂಡು ಹೋಗಿ ಕಲ್ಲಿನ ದೋಣಿಯಲ್ಲಿ ಅವನ ಮುಖ ಅದ್ದಿದಳು. ಎತ್ತಿ ಉಸಿರು ಕೊಟ್ಟಳು, ಮತ್ತೆ ಅದ್ದಿದಳು. ಬೆರಳಿನಿಂದ ರೆಪ್ಪೆ ಬಿಡಿಸಿ ನೀರು ನುಗ್ಗಿಸಿದಳು. ಅವನು ಕುರುಡಾಗಿ ಗುದ್ದುತ್ತಿದ್ದ, ಒಂದೊಂದು ಗುದ್ದಿಗೂ ಅವಳ ಪಕ್ಕೆ ಧಪ್ ಎನ್ನುತ್ತಿತ್ತು. ಗುಂಪಿಗೆ ಕಂಡದ್ದು ಗಂಡನನ್ನು ಮುಳುಗಿಸಿ ಕೊಲ್ಲುತ್ತಿರುವ ಹೆಂಗಸು.

ಈರಯ್ಯ ಬಡಿಗೆ ಬೀಸಿದ. ಮೊದಲ ಏಟು ಬೆನ್ನಿಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಬಲಗಡೆಯಿಂದ ಯಾರು ಏನು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಏಟಿನ ಮೇಲೆ ಏಟು ಬಿದ್ದವು. ಗರಡಿಯ ಹುಡುಗರು ಕಾಲಿನಿಂದ ಒದ್ದರು. ಕಂಬದ ಬುಡದಿಂದ ಎದ್ದ ಬಿಲ್ಕೀಸ, ಹಣೆಯಿಂದ ರಕ್ತ ಇಳಿಯುತ್ತಿದ್ದರೂ, ಹಂಡೆಯಿಂದ ಕೊಡದ ಮೇಲೆ ಕೊಡ ನೀರು ತಂದು ದೋಣಿಗೆ ಸುರಿದಳು. ದೋಣಿ ತುಂಬಿದಾಗ ಕಾಶವ್ವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು. ಒಂದಷ್ಟು ಏಟು ಅವಳ ಪಾಲಿಗೂ ಬಂದವು. ನಾನು ಗೋಡೆ ಹತ್ತಿ ಕೈಗೆ ಸಿಕ್ಕ ತಾಮ್ರದ ತಂಬಿಗೆಯನ್ನು ಈರಯ್ಯನ ತಲೆಗೆ ಗುರಿಯಿಟ್ಟು ಎಸೆದೆ. ಅದು ಅವನ ಕುತ್ತಿಗೆಗೆ ಬಿತ್ತು. ತಲೆಗೇ ಬೀಳಬೇಕಿತ್ತು.

ಬಡಿಗೆ ಮತ್ತೆ ಎದ್ದು ಕಾಶವ್ವನ ಎಡಗೈ ಮೇಲೆ ಇಳಿಯಿತು. ಎಲುಬು ಮುರಿದ ಸಪ್ಪಳ ನನಗೆ ಗೋಡೆಯ ತನಕ ಕೇಳಿಸಿತು. ಆ ಕೈ ಜೋತು ಬಿತ್ತು. ಅವಳು ಮಂಡಿಯಿಂದ ಅವನ ಬೆನ್ನು ಒತ್ತಿ, ಉಳಿದ ಒಂದೇ ಕೈಯಲ್ಲಿ ನೀರು ಗೋರಿ ಗೋರಿ ಅವನ ಕಣ್ಣಿಗೆ ಹೊಡೆಯುತ್ತಿದ್ದಳು, ಬೆರಳಿನಿಂದ ರೆಪ್ಪೆಯ ಅಂಚು ಮುಟ್ಟಿ ನೋಡುತ್ತಿದ್ದಳು. ಕೊನೆಗೆ ಹುಡುಗರು ಅವಳನ್ನು ಸೊಂಟ ಹಿಡಿದು ಕಿತ್ತು ದೂರ ಒಗೆದರು. ನೆಲದ ಮೇಲೆ ಬಿದ್ದುಕೊಂಡೇ ಅವಳು ಚೀರುತ್ತಿದ್ದಳು:

"ಬಿಡ್ರೋ ನನ್ನ! ಎಡಗಣ್ಣಾಗ ಇನ್ನೂ ಜಾರ ಐತಿ! ಇನ್ನೊಂದ ಕೊಡ ಹಾಕ್ರೋ, ಎಡಗಣ್ಣಾಗ ಇನ್ನೂ ಜಾರ ಐತಿ!"

ಯಾರೂ ಹಾಕಲಿಲ್ಲ. ಬಂಡೆಪ್ಪನನ್ನು ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಗೆ ಓಡಿದರು. ಬಿಲ್ಕೀಸ ಅರ್ಧ ಕೊಡ ಹಿಡಿದುಕೊಂಡು ಆ ಟೆಂಪೋದ ಹಿಂದೆ ಓಣಿಯ ತುದಿಯ ತನಕ ಓಡಿದಳು.

ಕಾಶವ್ವನ ಕೈ ಸೊಟ್ಟಗೆ ಕೂಡಿಕೊಂಡಿತು. ವಾರದ ಕೊನೆಗೆ ಸನಾಉಲ್ಲಾ ಸಾಹೇಬರು ಬಂದು, ಮುರಿದ ಹಿತ್ತಲ ಬಾಗಿಲನ್ನು ತಾವೇ ಕೂತು ರಿಪೇರಿ ಮಾಡಿದರು. ಹೊಸ ಎಣ್ಣೆ ತರುತ್ತೇನೆ, ಹೊಸ ಭರಣಿ ತರುತ್ತೇನೆ ಎಂದರು. ಕಾಶವ್ವ ಬೇಡವೆಂದು ತಲೆಯಾಡಿಸಿದಳು. ಸಾಬೂನು ನಿಂತುಹೋಯಿತು.

"ಆ ಭಾಡ್ಯಾನ ಸಲುವಾಗಿ ಯಾಕ ಬಡತ ತಿಂದಿ ಅಕ್ಕಾ? ಬ್ಯಾಡಂತ ಬಿಟ್ಟಿದ್ರ ಆಗ್ತಿದ್ದಿಲ್ಲ?" ಎಂದು ಒಂದು ದಿನ ಬಿಲ್ಕೀಸ ನನ್ನೆದುರೇ ಕೇಳಿದಳು.

"ಅವನ ಸಲುವಾಗಿ ಯಾರ ತಿಂದಾರ? ಅವ ಗಾಡಿ ಕೆಳಗ ಬಿದ್ದು ಸಾಯ್ಲಿ, ನಾ ತಿರುಗಿ ನೋಡಂಗಿಲ್ಲ. ಇದು ನಮ್ಮ ಸೋಡಾ, ಬಿಲ್ಕೀಸ. ನಮ್ಮ ಭರಣ್ಯಾಂದು. ಒಬ್ಬನ ಕಣ್ಣ ತಿಂದ ಕೈಲೆ ಕೂಸಿನ ಮೈಗೆ ಸಾಬಾಣ ಹೆಂಗ ಹಚ್ಚಲಿ? ಆ ಎಡಗಣ್ಣಾಗ ಜಾರ ಇತ್ತು. ನಾ ಬೆರಳಲೇ ಮುಟ್ಟೀನಿ."

ಸುದ್ದಿ ಎರಡು ಬಗೆಯಲ್ಲಿ ಬರುತ್ತಿತ್ತು. ಬಂಡೆಪ್ಪನ ಒಂದು ಕಣ್ಣು ಹೋಗಿದೆಯಂತೆ ಎಂದು ಒಬ್ಬರು, ಏನೂ ಆಗಿಲ್ಲವಂತೆ ಎಂದು ಇನ್ನೊಬ್ಬರು. ಸಂತೆಯಲ್ಲಿ ಬೆಳಗಾವಿಯವರು ಸಿಕ್ಕರೆ ಸಾಕು, ಕಾಶವ್ವ ಹತ್ತಿರ ಹೋಗುತ್ತಿದ್ದಳು, ಆದರೆ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಎರೆಯಲು ಕರೆದರೆ ಹೋಗುತ್ತಿದ್ದಳು, ಬರೀ ಕಡಲೆ ಹಿಟ್ಟು ಹಚ್ಚಿ ಎರೆದು ಬರುತ್ತಿದ್ದಳು. ಜಗಳ ಆಡುವುದನ್ನೂ ಬಿಟ್ಟಳು. ನನಗೆ ಅದೇ ತಡೆಯಲಾಗಲಿಲ್ಲ. ಓಣಿಯಲ್ಲಿ ಯಾರ ಮೇಲೂ ಕೈ ಎತ್ತದ ಕಾಶವ್ವ ಕಾಶವ್ವನೇ ಅಲ್ಲ.

ಮತ್ತೊಂದು ಚಳಿಗಾಲ ಬಂದಾಗ, ಸಂಕ್ರಮಣಕ್ಕೆ ಬೆಲ್ಲ ತರುತ್ತೇನೆಂದು ಮನೆಯಲ್ಲಿ ಹೇಳಿ ನಾನು ಬೆಳಗಾವಿಗೆ ಹೋದೆ. ರವಿವಾರ ಪೇಟೆಯಲ್ಲಿ ಕೇಳಿಕೊಂಡು ಅವನ ಅಂಗಡಿಯ ಮುಂದೆ ನಿಂತೆ. ಕೆನ್ನೆಯ ಮೇಲೆ ಬೆಳ್ಳಗಿನ ಕಲೆ ಬಿದ್ದಿತ್ತು. ಕಣ್ಣು ಎರಡೂ ಇದ್ದವು. ಆದರೆ ಇರುವುದಕ್ಕೂ ಕಾಣುವುದಕ್ಕೂ ವ್ಯತ್ಯಾಸವಿದೆಯಲ್ಲ. ಬೆಲ್ಲ ತೂಗು ಎಂದೆ. ಅವನು ತೂಗುತ್ತ, ಪಕ್ಕದಲ್ಲಿ ಕುಳಿತಿದ್ದವನಿಗೆ ಕಥೆ ಹೇಳುತ್ತಿದ್ದ. "...ಕುತ್ತಿಗಿ ಮ್ಯಾಲೆ ಮಂಡಿ ಊರಿ ಮುಳಗಸಾಕತ್ತಿದ್ಳೋ ಮಾರಾಯಾ! ಮಂದಿ ಬಿಡಸಲಿಲ್ಲಂದ್ರ ನಾ ಅವತ್ತಽ ಹೋಗಿದ್ದೆ. ಹೆಂಗಸಲ್ಲ ಅದು, ಮಾರಿ!" ಹೀಗೆ ಹೇಳುತ್ತಲೇ ತಕ್ಕಡಿ ಮುಖದ ಮಟ್ಟಕ್ಕೆ ಎತ್ತಿ, ಬಲಗಣ್ಣು ಗಟ್ಟಿಯಾಗಿ ಮುಚ್ಚಿ, ಮುಳ್ಳು ನೋಡಿದ. ಕೂದಲೆಳೆಯಷ್ಟು ಬಾಗಿದ್ದ ಮುಳ್ಳು ಅವನಿಗೆ ಕಂಡಿತು. ಒಂದು ಚೂರು ಬೆಲ್ಲ ತೆಗೆದ. ಬೆಲ್ಲದ ಹೆಂಟೆಯನ್ನು ಅವನ ಬಾಯಿಗೇ ತುರುಕಬೇಕೆನಿಸಿತು. ಆದರೆ ಆ ಕಣ್ಣನ್ನು ನೋಡಿದ ಖುಷಿಗೆ ಸುಮ್ಮನೆ ಬಂದುಬಿಟ್ಟೆ.

ಕಾಶವ್ವ ಕೊಟ್ಟಿಗೆಯ ಕಟ್ಟೆಯ ಮೇಲೆ ಸೊಟ್ಟ ಕೈ ಮಡಿಲಲ್ಲಿಟ್ಟುಕೊಂಡು ಬಿಸಿಲು ಕಾಯಿಸುತ್ತಿದ್ದಳು. ನಾನು ಗೋಡೆಯ ಈಚೆಯಿಂದಲೇ ಎಲ್ಲ ಹೇಳಿದೆ. ಮುಳುಗಿಸಿದಳೆಂದು ಅವನು ಊರ ತುಂಬ ಹೇಳಿಕೊಂಡು ತಿರುಗುವುದನ್ನೂ ಸಿಟ್ಟಿನಿಂದ ಹೇಳಿದೆ. ಅದು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಯಾವ ಕಣ್ಣ ಮುಚ್ಚಿದ್ದ?"

"ಬಲಗಣ್ಣ."

"ಖರೇ ಹೇಳ ತಂಗಿ. ನನ್ನ ಸಮಾಧಾನಕ್ಕ ಹೇಳಬ್ಯಾಡ."

"ನನ್ನ ಮಗಳ ಆಣಿ, ಯಕ್ಕಾ. ಬಲಗಣ್ಣ ಮುಚ್ಚಿ ಎಡಗಣ್ಣಲೇ ಮುಳ್ಳ ನೋಡಿದ."

ಅವಳು ತನ್ನ ಬಲಗೈ ಬೆರಳುಗಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿಕೊಂಡಳು, ಅಲ್ಲಿ ಏನೋ ಅಂಟಿಕೊಂಡಿದ್ದಂತೆ. ಬಹಳ ಹೊತ್ತು ಹಾಗೇ ತಿಕ್ಕಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣು ಮೂಗು ಒಟ್ಟಿಗೇ ಒರೆಸಿಕೊಂಡು ಎದ್ದಳು.

"ಇನ್ನೊಮ್ಮೆ ಈ ಹಿತ್ತಲಕ್ಕ ಕಾಲಿಟ್ರ ಮಾತ್ರ ಅವನ ಕಾಲ ಮುರೀತೇನಿ" ಎಂದಳು. ಒಳಗೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಏ ಬಿಲ್ಕೀಸ! ಎಣ್ಣಿ ಡಬ್ಬಿ ತಂದು ಬಿಸಲಿಗಿಡ. ಹೆಪ್ಪಗಟ್ಟಿರತೈತಿ."